ಈಶ್ವರಾನುಮಾನಗಳ ತೂಕ: ಮೂರನೇ ಸುತ್ತಿನ ಟಿಪ್ಪಣಿ

ದೇವರಿದ್ದಾನೆ ಎಂದು ಸಾಧಿಸಹೊರಟ ವಾದಗಳನ್ನು ಅಂಕಿ ಹಾಕಿ ತೂಗುವ ಹಾಳೆಯಲ್ಲಿ ಈಗ ಐದು ಸಾಲುಗಳಿವೆ: ನ್ಯಾಯದರ್ಶನದ ಉದಯನಾಚಾರ್ಯರ ಕಾರ್ಯತ್ವ ವಾದ, ಆದಿಕಾರಣ ವಾದ, ಜಗತ್ತಿನ ಕ್ರಮಬದ್ಧತೆಯ ವಾದ, ಭೌತ ಸ್ಥಿರಾಂಕಗಳು ಜೀವಕ್ಕೆ ಒಗ್ಗುವಂತಿವೆ ಎಂಬ ವಾದ, ಪರಿಪೂರ್ಣತೆಯ ಕಲ್ಪನೆಯಿಂದಲೇ ಹೊರಡುವ ಸತ್ತಾವಾದ. ಹಿಂದಿನ ಎರಡು ಸುತ್ತುಗಳ ಅಂಕಿಗಳನ್ನೆಲ್ಲ ಅಳಿಸಿದ್ದಾಗಿದೆ. ಒಂದೇ ಸಂಗತಿಯನ್ನು ಎರಡು ಸಲ ತಕ್ಕಡಿಗೆ ಹಾಕಿದ್ದು ಗೊತ್ತಾದ ಮೇಲೆ ಅವುಗಳನ್ನು ಉಳಿಸಿಕೊಳ್ಳುವುದರಲ್ಲಿ ಅರ್ಥವಿರಲಿಲ್ಲ.

ಪ್ರತಿ ಸಾಲಿಗೂ ಪಕ್ಷ (ಯಾವುದರ ಬಗ್ಗೆ ವಾದ), ಸಾಧ್ಯ, ಹೇತು (ಸಾಧಿಸಲು ಕೊಡುವ ಆಧಾರ), ವ್ಯಾಪ್ತಿ (ಹೇತು ಇರುವಲ್ಲೆಲ್ಲ ಸಾಧ್ಯವೂ ಇದೆ ಎಂಬ ನಿಯಮ), ದೃಷ್ಟಾಂತ, ಉಪಾಧಿ (ಆ ನಿಯಮವನ್ನು ಕೆಡಿಸುವ ಅಡಗಿದ ಷರತ್ತು) ಎಂಬ ಕಾಲಂಗಳು ಮೊದಲಿನಿಂದಲೂ ಇದ್ದವು. ಈ ಸಲ ಏಳನೆಯದು ಸೇರಿದೆ: ವಾದ ಯಾವ ಸಂಗತಿಯ ಮೇಲೆ ನಿಂತಿದೆ? ಇನ್ನೊಂದು ಸಣ್ಣ ತಿದ್ದುಪಡಿ. ‘ಸಾಧ್ಯ’ ಎಂದರೆ ಸಾಧಿಸಬೇಕಾದದ್ದು ಎಂದೂ ಆಗುತ್ತದೆ, ಆಗಬಹುದಾದದ್ದು ಎಂದೂ ಆಗುತ್ತದೆ. ಸತ್ತಾವಾದದ ಸಾಲಿನಲ್ಲಿ ಇವೆರಡೂ ಕಲಸಿಹೋಗಿದ್ದವು. ಎರಡನೆಯದಕ್ಕೆ ಇನ್ನು ಮುಂದೆ ‘ಸಂಭವ’ ಎಂದೇ ಬರೆಯುವುದು.

ಅತಿ ಹೆಚ್ಚು ಸಮಯ ತಿಂದದ್ದು ಕಾರ್ಯತ್ವ ವಾದ. ಭೂಮಿ, ಮೊಳಕೆ ಮುಂತಾದವಕ್ಕೆ ಕರ್ತೃ ಇದ್ದಾನೆ, ಅವು ಕಾರ್ಯಗಳಾದ್ದರಿಂದ, ಅಂದರೆ ಹುಟ್ಟಿಬಂದವಾದ್ದರಿಂದ, ಮಡಕೆಯ ಹಾಗೆ. ಉಪಾಧಿ ಹುಡುಕುವ ಕ್ರಮ ಹೀಗೆ: ಸಾಧ್ಯ ಇರುವಲ್ಲೆಲ್ಲ ಇರುವ, ಹೇತು ಇರುವಲ್ಲೆಲ್ಲ ಇರದ ಧರ್ಮ ಸಿಗುತ್ತದೆಯೇ ನೋಡಬೇಕು. ‘ಶರೀರ ಇರುವವನಿಂದ ಹುಟ್ಟಿದ್ದು’ ಎಂಬುದು ಹಾಗೆ ಸಿಗುತ್ತದೆ. ಕರ್ತೃ ನಿಶ್ಚಿತವಾಗಿರುವ ಕಡೆಯೆಲ್ಲ ಶರೀರವೂ ಇದೆ, ಕಾರ್ಯವೇ ಆದ ಮೊಳಕೆಯಲ್ಲಿ ಅದು ಇಲ್ಲ. ಇಷ್ಟಕ್ಕೇ ವಾದವನ್ನು ಹೊಡೆದುಹಾಕುವುದು ಅವಸರ. ‘ಶರೀರದಿಂದ ಹುಟ್ಟಿಲ್ಲ, ಆದ್ದರಿಂದ ಮೊಳಕೆಗೆ ಕರ್ತೃವಿಲ್ಲ’ ಎಂಬ ಪ್ರತಿಹೇತುವಿಗೆ ನ್ಯಾಯದರ್ಶನದವರಾದ ನೈಯಾಯಿಕರ ಉತ್ತರ ಗಟ್ಟಿಯಾಗಿದೆ: ಕರ್ತೃ ಇಲ್ಲವೆನ್ನಲು ‘ಹುಟ್ಟಿಲ್ಲ’ ಎಂಬಷ್ಟೇ ಸಾಕು, ಅದಕ್ಕೆ ‘ಶರೀರ’ ಎಂಬ ವಿಶೇಷಣ ವ್ಯರ್ಥ; ಮೊಳಕೆಯಾದರೋ ಹುಟ್ಟಿದ್ದೇ. ಹೀಗಾಗಿ ಚರ್ಚೆ ಮತ್ತೆ ವ್ಯಾಪ್ತಿಗೆ ಬಂದು ನಿಲ್ಲುತ್ತದೆ. ಮಡಕೆ, ಬಟ್ಟೆ, ರಥಗಳಲ್ಲಿ ಕಂಡ ನಿಯಮವನ್ನು ಭೂಮಿಗೆ ಹಿಗ್ಗಿಸಲು ಏನು ಆಧಾರ? ಈ ಪ್ರಶ್ನೆಗೆ ಸಿಕ್ಕ ಉತ್ತರ ತೆಳುವಾಗಿದೆ. ಅನುಮಾನದಿಂದ ಈಶ್ವರ ಸಿದ್ಧಿಸುವುದಿಲ್ಲ ಎಂದವರು ನಾಸ್ತಿಕರಷ್ಟೇ ಅಲ್ಲ, ರಾಮಾನುಜಾಚಾರ್ಯರೂ ಶಾಸ್ತ್ರವೇ ಪ್ರಮಾಣವೆಂದು ಈ ಅನುಮಾನವನ್ನು ತಳ್ಳಿಹಾಕಿದವರು. ವಾದವನ್ನು ಒಪ್ಪದಿರುವುದಕ್ಕೂ ದೇವರನ್ನು ಒಪ್ಪದಿರುವುದಕ್ಕೂ ನಂಟು ಹಾಕಬಾರದು.

ಆದಿಕಾರಣ ವಾದ: ಹುಟ್ಟಿದ್ದಕ್ಕೆಲ್ಲ ಕಾರಣವಿದೆ, ವಿಶ್ವ ಹುಟ್ಟಿದೆ. ಲೆಕ್ಕ ತೋರಿಸಲೆಂದು ಮೊದಲನೆಯದಕ್ಕೆ 0.8, ಎರಡನೆಯದಕ್ಕೆ 0.7 ಇಡೋಣ. ಗುಣಿಸಿ 0.56 ಎಂದು ಬರೆಯುವುದು ರೂಢಿಯಲ್ಲಿರುವ ತಪ್ಪು. ಎರಡು ವಾಕ್ಯಗಳು ಒಂದಕ್ಕೊಂದು ಸಂಬಂಧವಿಲ್ಲದವಾದರೆ ಮಾತ್ರ ಆ ಗುಣಾಕಾರ ಸರಿ. ಸಂಬಂಧ ತಿಳಿಯದಿದ್ದರೆ ಸಂಶಯಗಳನ್ನು ಕೂಡಿಸಬೇಕು: 0.2 + 0.3 = 0.5, ಎರಡೂ ನಿಜವಾಗಿರುವ ಸಂಭವನೀಯತೆ 0.5ಕ್ಕಿಂತ ಕಡಿಮೆಯಾಗದು. ಇದು ನಿಗಮನಕ್ಕೆ, ಅಂದರೆ ವಾದದ ತೀರ್ಮಾನಕ್ಕೆ, ಕೆಳಮಿತಿಯಷ್ಟೇ, ಅದರ ಸಂಭವನೀಯತೆಯಲ್ಲ. ಆಧಾರವಾಕ್ಯ ಬಿದ್ದರೂ ನಿಗಮನ ಬೇರೆ ದಾರಿಯಿಂದ ನಿಜವಾಗಿರಬಹುದು. ಇಷ್ಟಾದರೂ ಕೈಗೆ ಸಿಗುವುದು ‘ಒಂದು ಕಾರಣ’. ಅದು ಒಂದೇ, ಅದಕ್ಕೆ ಜ್ಞಾನವಿದೆ ಎನ್ನಲು ಬೇರೆ ಸಾಲು ಬೇಕು, ಬೇರೆ ಅಂಕಿ ಬೇಕು.

ಇನ್ನು ಎಡವಿದ ಜಾಗ. ಕ್ರಮಬದ್ಧತೆ ಮತ್ತು ಸ್ಥಿರಾಂಕ, ಎರಡನ್ನೂ ಅನುಪಾತದಲ್ಲಿ ತೂಗಿದ್ದೆವು. ಆರಂಭದಲ್ಲಿ ಪರ–ವಿರೋಧ 1:4 ಎಂದುಕೊಳ್ಳಿ. ದೇವರಿದ್ದರೆ ಇಂಥ ಜಗತ್ತು ಸಿಗುವ ಸಂಭವನೀಯತೆ, ಇಲ್ಲದಿದ್ದರೆ ಸಿಗುವುದರ ಮೂರು ಪಟ್ಟು ಎಂದಾದರೆ 3:4, ಅಂದರೆ ಸುಮಾರು ಶೇ. 43. ಎರಡನೇ ವಾದಕ್ಕೂ ಮೂರು ಪಟ್ಟು ಹಾಕಿದರೆ 9:4, ಸುಮಾರು ಶೇ. 69! ಏಳನೇ ಕಾಲಂ ತುಂಬಿದಾಗ ಎರಡೂ ಸಾಲುಗಳಲ್ಲಿ ಬಹುಪಾಲು ಒಂದೇ ಸಂಗತಿ ಬಂತು: ಜಗತ್ತು ನಿಯಮಗಳಿಗೆ ಒಳಪಟ್ಟಿದೆ. ಎರಡನೆಯದನ್ನು ಮೊದಲನೆಯದು ನಿಜವೆಂದು ಇಟ್ಟುಕೊಂಡೇ ತೂಗಬೇಕು. ಆಗ ಪಟ್ಟು ಒಂದರ ಹತ್ತಿರಕ್ಕೆ ಇಳಿಯುತ್ತದೆ. 1.1 ಹಾಕಿದರೆ 3.3:4, ಸುಮಾರು ಶೇ. 45. ಸ್ಥಿರಾಂಕಗಳ ವಾದಕ್ಕೆ ಅದರದೇ ಇನ್ನೊಂದು ತೊಡಕಿದೆ: ಒಂದು ಸ್ಥಿರಾಂಕ ಎಷ್ಟರಿಂದ ಎಷ್ಟರವರೆಗೆ ಇರಬಹುದಿತ್ತು ಎಂಬುದು ಗೊತ್ತಿಲ್ಲದೆ ‘ಅಪರೂಪ’ ಎಂಬ ಮಾತಿಗೆ ಛೇದವೇ ಇಲ್ಲ.

ಸತ್ತಾವಾದ ಬೇಗ ಮುಗಿಯಿತು. ಸಂಭವ, ಅನಿವಾರ್ಯ ಎಂಬ ಮಾತುಗಳಿಗೆ ನಿಯಮ ಕೊಡುವ ಎಸ್ 5 ಎಂಬ ತರ್ಕಪದ್ಧತಿಯಲ್ಲಿ ‘ಅನಿವಾರ್ಯವಾಗಿ ಇರುವ ವಸ್ತು ಸಂಭವ’ ಎಂದು ಒಪ್ಪಿದರೆ ಅದು ಇದೆ ಎಂದೇ ಆಗುತ್ತದೆ. ‘ಅದು ಇಲ್ಲದಿರುವುದು ಸಂಭವ’ ಎಂದು ಒಪ್ಪಿದರೆ ಇಲ್ಲವೆಂದೇ ಆಗುತ್ತದೆ. ಹಾಗಾಗಿ ಮೊದಲ ವಾಕ್ಯದ ತೂಕವೂ ನಿಗಮನದ ತೂಕವೂ ಒಂದೇ. ತರ್ಕಶಾಸ್ತ್ರಜ್ಞ ಗೋಡೆಲ್ ಬಿಟ್ಟುಹೋದ ಈ ವಾದದ ರೂಪವನ್ನು ಕಂಪ್ಯೂಟರಿನಲ್ಲಿ ಪರೀಕ್ಷಿಸಿದಾಗ ಮೂಲ ಆಧಾರವಾಕ್ಯಗಳಲ್ಲೇ ವಿರೋಧ ಸಿಕ್ಕಿತು. ಇನ್ನೊಬ್ಬ ತರ್ಕಶಾಸ್ತ್ರಜ್ಞ ಡೇನಾ ಸ್ಕಾಟ್ ತಿದ್ದಿದ ರೂಪದಲ್ಲಿ ಆ ದೋಷವಿಲ್ಲ, ಆದರೆ ನಿಜವಾದದ್ದೆಲ್ಲ ಅನಿವಾರ್ಯವಾಗಿ ನಿಜ ಎಂಬ ಒಪ್ಪಲಾಗದ ಫಲ ಅದರಿಂದ ಹೊರಡುತ್ತದೆ. ಈ ಸಾಲಿಗೆ ಅಂಕಿ ಹಾಕಿಲ್ಲ.

ಬಾಕಿ ಉಳಿದದ್ದು: ದುಃಖ, ಕೇಡುಗಳಿಂದ ಹೊರಡುವ ವಿರೋಧ ವಾದಕ್ಕೆ ಇನ್ನೂ ಸಾಲೇ ಇಲ್ಲ. ಅದು ಬರುವವರೆಗೆ ಶೇ. 45 ಎಂಬುದನ್ನು ಮೊತ್ತದ ಕಾಲಂಗೆ ಇಳಿಸುವಂತಿಲ್ಲ.