ಒಂದು ರೂಪಾಯಿ ಜೇಬಿಗಿಟ್ಟು ಕ್ರೆಮ್ನಿತ್ಸಾಕ್ಕೆ

ಅಪ್ಪನ ಹಳೇ ಡಬ್ಬಿಯಲ್ಲಿ ಸಿಕ್ಕ ಒಂದು ರೂಪಾಯಿ ನಾಣ್ಯ ಅದು. ಇಸವಿಯ ಕೆಳಗೆ ಇರುವೆಯಷ್ಟು ಸಣ್ಣ ಎರಡು ಇಂಗ್ಲಿಷ್ ಅಕ್ಷರ: ಎಂ, ಕೆ. 1990ರ ದಶಕದ ಕೊನೆಯಲ್ಲಿ ನಮ್ಮ ಸರ್ಕಾರ ಒಂದಷ್ಟು ನಾಣ್ಯಗಳನ್ನು ಹೊರದೇಶಗಳಲ್ಲಿ ಅಚ್ಚು ಹಾಕಿಸಿ ತರಿಸಿತ್ತು. ಎಂಕೆ ಅಂದರೆ ಸ್ಲೊವಾಕಿಯಾದ ಕ್ರೆಮ್ನಿತ್ಸಾ ಟಂಕಸಾಲೆ. ಕೆಲಸದ ಮೇಲೆ ಆ ದೇಶದ ರಾಜಧಾನಿ ಬ್ರಾತಿಸ್ಲಾವಾಕ್ಕೆ ಹೋದವನು ಒಂದು ದಿನ ರಜೆ ಹಾಕಿ, ನಾಣ್ಯ ಜೇಬಿಗಿಟ್ಟುಕೊಂಡು ರೈಲು ಹತ್ತಿದೆ.

ಕೊನೆಯ ದಾರಿ ಪೂರ್ತಿ ಏರು, ತಿರುವು, ಸುರಂಗ. ಸ್ಟೇಷನ್ ಇರೋದು ಬೆಟ್ಟದ ಮೇಲೆ, ಊರು ಕೆಳಗೆ ಕಣಿವೆಯಲ್ಲಿ. ಮಂಜಿನ ನಡುವೆ ಮೊದಲು ಕಂಡಿದ್ದು ಸಂತ ಕ್ಯಾಥರೀನ್ ಚರ್ಚಿನ ಗೋಪುರ, ಆಮೇಲೆ ಅದನ್ನು ಸುತ್ತಿಕೊಂಡ ಎರಡು ಸುತ್ತಿನ ಕೋಟೆ ಗೋಡೆ. ಊರಿನ ಚೌಕವೂ ಸಮತಟ್ಟಾಗಿಲ್ಲ, ಇಳಿಜಾರಲ್ಲೇ ಹಾಸಿಕೊಂಡಿದೆ. ನಡುವೆ ಪ್ಲೇಗಿನ ನೆನಪಿಗೆ ನಿಲ್ಲಿಸಿದ ದೊಡ್ಡ ಕಲ್ಲುಕಂಬ, ಮೈತುಂಬ ಸಂತರ ಮೂರ್ತಿಗಳು.

ಇಲ್ಲಿರುವ ಜನ ಐದು ಸಾವಿರದಷ್ಟು. ಆದರೆ ಒಂದು ಕಾಲಕ್ಕೆ ಇದು ಬಂಗಾರದ ಊರು. 1328ರಲ್ಲಿ ಹಂಗೇರಿಯ ದೊರೆ ಚಾರ್ಲ್ಸ್ ರಾಬರ್ಟ್ ಇದಕ್ಕೆ ಪಟ್ಟಣದ ಹಕ್ಕು ಕೊಟ್ಟು ಟಂಕಸಾಲೆ ಹಾಕಿಸಿದ. ಇಲ್ಲಿನ ಡುಕಾಟ್ ಅನ್ನೋ ಚಿನ್ನದ ನಾಣ್ಯ ಯುರೋಪಿನ ತುಂಬಾ ಓಡಾಡಿತು. ಚಿನ್ನದ ಗಣಿ 1970ರಲ್ಲಿ ಮುಚ್ಚಿತು, ಟಂಕಸಾಲೆ ಮಾತ್ರ ಇವತ್ತಿಗೂ ನಿಂತಿಲ್ಲ. ನಮ್ಮ ಕೋಲಾರ ಚಿನ್ನದ ಗಣಿ ನೋಡಿದವರಿಗೆ ಹೊಟ್ಟೆಕಿಚ್ಚಾಗದೆ ಇರುತ್ತಾ!

ಇಷ್ಟೆಲ್ಲ ಓದಿಕೊಂಡು ಹೋದವನು ಒಂದನ್ನು ಮರೆತಿದ್ದೆ. ಅವತ್ತು ಸೋಮವಾರ. ನಾಣ್ಯಗಳ ಮ್ಯೂಸಿಯಂಗೆ ರಜೆ, ಕೋಟೆ ಬಾಗಿಲಿಗೂ ಬೀಗ. ಟಂಕಸಾಲೆಯ ಗೋಡೆಯನ್ನು ಹೊರಗಿನಿಂದ ನೋಡಿ, ಸುಮ್ನೆ ಒಂದು ಸುತ್ತು ಹಾಕಿ, ಹಸಿವು ತಾಳಲಾರದೆ ಸಣ್ಣ ಹೋಟೆಲೊಂದಕ್ಕೆ ನುಗ್ಗಿದೆ. ಹಲುಶ್ಕಿ ಬಂತು. ಆಲೂಗಡ್ಡೆ ಹಿಟ್ಟಿನ ಪುಟ್ಟ ಉಂಡೆಗಳು, ಮೇಲೆ ಕುರಿಹಾಲಿನ ಹುಳಿ ಚೀಸ್. ಹಂದಿ ಕೊಬ್ಬಿನ ಚೂರು ಬೇಡ ಅಂದಿದ್ದಕ್ಕೆ ಹೋಟೆಲಿನಾಕೆ ನನ್ನನ್ನು ಕಾಯಿಲೆಯವನನ್ನು ನೋಡುವ ಹಾಗೆ ನೋಡಿದರು. ಚೀಸ್ ನಾಲಿಗೆಗೆ ಸ್ವಲ್ಪ ಜಾಸ್ತಿನೇ ಉಪ್ಪು. ಆದರೂ ತಟ್ಟೆ ಖಾಲಿ ಮಾಡಿದೆ.

ಚಿಲ್ಲರೆ ವಾಪಸ್ ಕೊಟ್ಟಾಗ ಅದರಲ್ಲಿ ಸ್ಲೊವಾಕಿಯಾದ ಒಂದು ಯೂರೋ ನಾಣ್ಯವೂ ಇತ್ತು. ಮೂರು ಗುಡ್ಡ, ಮೇಲೆ ಜೋಡಿ ಅಡ್ಡಪಟ್ಟಿಯ ಶಿಲುಬೆ. ಕಣ್ಣಿಗೆ ಹತ್ತಿರ ಹಿಡಿದೆ. ಇತ್ತು, ಅದೇ ಎಂ, ಅದೇ ಕೆ! ನನ್ನ ರೂಪಾಯಿಯನ್ನು ಪಕ್ಕದಲ್ಲಿಟ್ಟು ತೋರಿಸಿದೆ. ಆಕೆ ಕನ್ನಡಕ ಏರಿಸಿ ನೋಡಿದರು, ಅಡುಗೆಮನೆಯವರನ್ನೂ ಕೂಗಿದರು. ಅಕ್ಷರದ ಮೇಲೆ ಉಗುರಿಟ್ಟು "ಮಿಂತ್ಸೊವ್ನ್ಯಾ" ಅಂತ ಕಿಟಕಿಯಾಚೆ ಕೈ ತೋರಿಸಿದರು. ಟಂಕಸಾಲೆ.

"ಇದಕ್ಕೆ ನಿಮ್ಮಲ್ಲಿ ಏನು ಸಿಗುತ್ತೆ?" ಫೋನಿನಲ್ಲಿ ಅನುವಾದ ಮಾಡಿಸಿ ಕೇಳಿದರು.

"ಚಿಕ್ಕವನಿದ್ದಾಗ ಎರಡು ಪೆಪ್ಪರ್‌ಮೆಂಟ್. ಈಗ ಅಂಗಡಿಯವರು ಚಿಲ್ಲರೆ ಇಲ್ಲ ಅಂತ ಇದರ ಬದಲು ಒಂದು ಚಾಕೊಲೇಟ್ ಕೊಡ್ತಾರೆ."

ಫೋನು ಅದನ್ನು ಏನಂತ ಹೇಳಿತೋ ಗೊತ್ತಿಲ್ಲ. ಆಕೆ ನಗುತ್ತಾ ಒಳಗೆ ಹೋದರು. ಒಂದು ಚಾಕೊಲೇಟ್ ತಂದು ನನ್ನ ಮುಂದಿಟ್ಟು, ರೂಪಾಯಿಯ ಕಡೆ ಕೈ ಚಾಚಿದರು. ಅಪ್ಪನದು, ಕೊಡಲ್ಲ ಅಂತ ತಲೆಯಾಡಿಸಿ ಮುಷ್ಟಿ ಮುಚ್ಚಿದೆ. ಚಾಕೊಲೇಟ್ ಮಾತ್ರ ಬಿಡಲಿಲ್ಲ.