ಥಿನ್ ಕ್ಲೈಂಟ್‌ಗಳಲ್ಲಿ ಸರ್ವರಿನ ಫೋಲ್ಡರು ತಾನಾಗಿ ಮೌಂಟ್ ಆಗದಿದ್ದುದು: ಕೆಲಸದ ಟಿಪ್ಪಣಿ

ಬದಿಯಡ್ಕದ ಸಮೀಪದ ನಮ್ಮ ಊರಿನ ಗ್ರಂಥಾಲಯಕ್ಕೆ ಬಂದ ಎಂಟು ಹಳೆಯ ಥಿನ್ ಕ್ಲೈಂಟ್‌ಗಳಿಗೆ (ಸರ್ವರನ್ನು ನೆಚ್ಚಿ ನಡೆಯುವ ಪುಟ್ಟ ಕಂಪ್ಯೂಟರುಗಳು) ಲಿನಕ್ಸ್‌ನ ಡೆಬಿಯನ್ 12 ಹಾಕಿ, ಯಕ್ಷಗಾನ ಪ್ರಸಂಗಗಳ ಸ್ಕ್ಯಾನ್ ಪ್ರತಿಗಳೂ ಮಕ್ಕಳ ಕನ್ನಡ ಪಾಠಪುಸ್ತಕಗಳೂ ಇರುವ ಸರ್ವರಿನ ಫೋಲ್ಡರು ಯಂತ್ರ ಆನ್ ಮಾಡಿದೊಡನೆ ತಾನಾಗಿ ದೊರೆಯುವಂತೆ ಮಾಡಬೇಕೆಂಬುದು ನನ್ನ ಉದ್ದೇಶವಾಗಿತ್ತು. ಜೂನ್ ಮೊದಲ ವಾರ ಬಳಕೆಗೆ ಬಿಟ್ಟಾಗ ಐದು ಯಂತ್ರಗಳಲ್ಲಿ ಆ ಫೋಲ್ಡರು ಖಾಲಿಯಾಗಿಯೇ ತೆರೆದುಕೊಂಡಿತು. ನಾನು ಹೋಗಿ ಟರ್ಮಿನಲ್‌ನಲ್ಲಿ ‘ಮೌಂಟ್ -ಎ’ (ಪಟ್ಟಿಯಲ್ಲಿರುವ ಫೋಲ್ಡರುಗಳನ್ನೆಲ್ಲ ಮೌಂಟ್ ಮಾಡು, ಅಂದರೆ ಯಂತ್ರಕ್ಕೆ ಜೋಡಿಸು, ಎಂಬ ಆಜ್ಞೆ) ಕೊಟ್ಟರೆ ಆ ಕ್ಷಣವೇ ತುಂಬಿಕೊಳ್ಳುತ್ತಿತ್ತು. “ಅದಕ್ಕೆ ನಿಮ್ಮನ್ನು ಕಂಡರೆ ಮಾತ್ರ ಹೆದರಿಕೆ ಮಾರಾಯ್ರೇ” ಎಂದು ಗ್ರಂಥಾಲಯ ನೋಡಿಕೊಳ್ಳುವ ಮಾಷ್ಟ್ರು ನಕ್ಕರು.

ಮೊದಲ ಎರಡು ದಿನ ನನ್ನದೇ ತಪ್ಪುಗಳನ್ನು ತಿದ್ದುವುದರಲ್ಲಿ ಕಳೆದವು. ಹಳೆಯ ಟಿಪ್ಪಣಿಯಿಂದ ನಕಲು ಮಾಡಿದ್ದ ಎಫ್‌ಎಸ್‌ಟ್ಯಾಬ್ (ಏನೇನು ಮೌಂಟ್ ಆಗಬೇಕೆಂಬ ಪಟ್ಟಿಯ ಫೈಲು) ಸಾಲಿನಲ್ಲಿ, ಫೋಲ್ಡರು ಹಂಚುವ ಎಸ್‌ಎಂಬಿ ವಿಧಾನದ 1.0 ಆವೃತ್ತಿ ಉಳಿದುಕೊಂಡಿತ್ತು. ಸರ್ವರಿನಲ್ಲಿ ಆ ಹಂಚಿಕೆ ನಡೆಸುವ ತಂತ್ರಾಂಶವಾದ ಸಾಂಬಾದಲ್ಲಿ 2019ರ 4.11ರಿಂದ ಈಚೆಗೆ ಆ ಆವೃತ್ತಿ ಮೂಲ ಸಂಯೋಜನೆಯಲ್ಲಿಯೇ ನಿಷ್ಕ್ರಿಯವಾಗಿರುವುದರಿಂದ ಅದನ್ನು 3.0 ಎಂದು ಬದಲಿಸಿದೆ. ಬದಲಿಸಿದ ಸಾಲು ಮರುದಿನ ಮಾಯವಾಗಿತ್ತು. ಫ್ಲ್ಯಾಶ್ ಡಿಸ್ಕ್ ಸವೆಯದಿರಲೆಂದು ನಾನೇ ಓವರ್‌ಲೇರೂಟ್ ಹಾಕಿದ್ದೆ, ಅಂದರೆ ಬರೆದದ್ದೆಲ್ಲ ರ‍್ಯಾಮ್‌ನಲ್ಲಿ ಮಾತ್ರ ಉಳಿದು ರೀಬೂಟ್ ಆದಾಗ ಅಳಿಸಿಹೋಗುತ್ತದೆ. ‘ಓವರ್‌ಲೇರೂಟ್-ಕ್ರೂಟ್’ ಮೂಲಕ ನಿಜವಾದ ಡಿಸ್ಕಿನ ಒಳಹೊಕ್ಕು ಬರೆದ ಬಳಿಕವೇ ಸಾಲು ನೆಲೆನಿಂತಿತು. ಇಷ್ಟಾದರೂ ಆ ಐದು ಯಂತ್ರಗಳ ಹಟ ಬದಲಾಗಲಿಲ್ಲ.

ಜರ್ನಲ್ (ಯಂತ್ರದ ದಿನಚರಿ) ತೆರೆದು ನೋಡಿದಾಗ ಪ್ರತಿ ಸಲವೂ ಕಂಡದ್ದು ದೋಷ ಸಂಖ್ಯೆ 113, ಅಂದರೆ ಸರ್ವರಿಗೆ ದಾರಿಯೇ ಇಲ್ಲವೆಂಬ ದೂರು. ಪಾಸ್‌ವರ್ಡ್ ತಪ್ಪಾಗಿದ್ದರೆ 13 ಬರಬೇಕಿತ್ತು. ಹಾಗಾಗಿ ಬಳಕೆದಾರರ ಹೆಸರು, ಅನುಮತಿ ಮುಂತಾದುವನ್ನು ಕೆದಕುವುದನ್ನು ಅಲ್ಲಿಗೆ ನಿಲ್ಲಿಸಿದೆ. ನೆಟ್‌ವರ್ಕ್ ಬರುವ ತನಕ ಕಾಯಲು ಹೇಳುವ ‘ಅಂಡರ್‌ಸ್ಕೋರ್ ನೆಟ್‌ಡೆವ್’ ಪದವನ್ನು ಆ ಸಾಲಿಗೆ ಸೇರಿಸುವಂತೆ ಗೆಳೆಯರೊಬ್ಬರು ಸೂಚಿಸಿದರು. ಆದರೆ ಸಾಲಿನಲ್ಲಿ ಸಿಐಎಫ್‌ಎಸ್ (ಎಸ್‌ಎಂಬಿ ಫೋಲ್ಡರಿಗೆ ಲಿನಕ್ಸ್‌ನಲ್ಲಿರುವ ಹೆಸರು) ಎಂದು ಕಂಡೊಡನೆ ಅದು ನೆಟ್‌ವರ್ಕಿನದೆಂದು, ಬೂಟ್ ಕೆಲಸ ನಡೆಸುವ ಸಿಸ್ಟಮ್‌ಡಿ ತಾನೇ ಗುರುತಿಸಿ ನೆಟ್‌ವರ್ಕ್ ಸಿದ್ಧವಾಗುವ ತನಕ ಕಾಯುತ್ತದಾದ್ದರಿಂದ ಅದರಿಂದ ಪ್ರಯೋಜನವಾಗಲಿಲ್ಲ. ಸಿದ್ಧವಾಗುವುದೆಂದರೇನು ಎಂಬಲ್ಲೇ ತೊಡಕಿತ್ತು. ನಾನು ಎಲ್ಲ ಯಂತ್ರಗಳಿಗೂ ಸ್ಥಿರ ಐಪಿ ವಿಳಾಸ ಕೊಟ್ಟಿದ್ದೆ. ಕೇಬಲ್‌ನಲ್ಲಿ ಜೀವ ಕಂಡು ವಿಳಾಸ ಕೂತೊಡನೆ ನೆಟ್‌ವರ್ಕ್ ಸಿದ್ಧವೆಂದು ಯಂತ್ರ ನಂಬುತ್ತದೆ, ಆಚೆಗೆ ಒಂದು ಪ್ಯಾಕೆಟ್ಟಾದರೂ ತಲುಪಿತೇ ಎಂದು ಅದು ವಿಚಾರಿಸುವುದಿಲ್ಲ.

ಸರಿಯಾಗಿ ನಡೆಯುತ್ತಿದ್ದ ಮೂರು ಯಂತ್ರಗಳೂ ಮಕ್ಕಳ ಮೂಲೆಯಲ್ಲಿದ್ದವು ಎಂಬುದು ನನಗೆ ಹೊಳೆದದ್ದು ನಾಲ್ಕನೆಯ ದಿನ. ಅವು ಐದು ಪೋರ್ಟಿನ ಸಾಧಾರಣ ನೆಟ್‌ವರ್ಕ್ ಸ್ವಿಚ್ಚಿನ (ಕೇಬಲ್‌ಗಳನ್ನು ಕೂಡಿಸುವ ಪೆಟ್ಟಿಗೆ) ಮೂಲಕ ಹೋಗುತ್ತವೆ. ಉಳಿದ ಐದು, ಸೆಕೆಂಡ್ ಹ್ಯಾಂಡ್ ಕೊಂಡ ಮ್ಯಾನೇಜ್ಡ್ (ಸಂಯೋಜನೆ ಬದಲಿಸಬಹುದಾದ) ದೊಡ್ಡ ಸ್ವಿಚ್ಚಿಗೆ ನೇರ ಜೋಡಣೆಯಾಗಿವೆ. ಕೇಬಲ್ ಅದಲು ಬದಲು ಮಾಡಿದೆ. ರೋಗವೂ ಕೇಬಲ್ಲಿನ ಜೊತೆಗೇ ಹೋಯಿತು. ಬೂಟ್ ಆಗುವಾಗ ಸೆಕೆಂಡಿಗೊಮ್ಮೆ ಸರ್ವರಿಗೆ ಪಿಂಗ್ (‘ಇದ್ದೀಯಾ’ ಎಂದು ಕೇಳುವ ಪುಟ್ಟ ಕರೆ) ಕಳಿಸಿ ಸಮಯ ಬರೆದಿಡುವ ಪುಟ್ಟ ಸ್ಕ್ರಿಪ್ಟ್ ಹಾಕಿದಾಗ, ಕೇಬಲ್ ಜೀವಗೊಂಡು 31 ಸೆಕೆಂಡುಗಳಾದ ಮೇಲೆ ಮೊದಲ ಉತ್ತರ ಬಂದುದು ಕಂಡಿತು.

ಆ ಅಂಕೆ ನೋಡಿದ ಮೇಲೆ ಬೇರೆ ಸಾಕ್ಷಿ ಬೇಕಾಗಲಿಲ್ಲ. ಸ್ಪ್ಯಾನಿಂಗ್ ಟ್ರೀ ನಡೆಯುವ ಸ್ವಿಚ್ಚು, ಹೊಸದಾಗಿ ಜೀವ ಬಂದ ಪೋರ್ಟಿನಿಂದ ಎಲ್ಲಿಯಾದರೂ ಸುತ್ತು ಉಂಟಾದೀತೇ ಎಂದು ಪರೀಕ್ಷಿಸಲು, 15 ಸೆಕೆಂಡು ಆಲಿಸುತ್ತ ಇನ್ನು 15 ಸೆಕೆಂಡು ಕಲಿಯುತ್ತ ಆ ಪೋರ್ಟಿನ ಸಂಚಾರವನ್ನೆಲ್ಲ ತಡೆದಿಡುತ್ತದೆ. ಅಷ್ಟರಲ್ಲಿ ನಮ್ಮ ಯಂತ್ರ ಒಮ್ಮೆ ಬಾಗಿಲು ತಟ್ಟಿ, ಸೋತು, ಮತ್ತೆ ಪ್ರಯತ್ನಿಸದೆ ಕೂತುಬಿಡುತ್ತಿತ್ತು. ಮಕ್ಕಳ ಮೂಲೆಯ ಪುಟ್ಟ ಸ್ವಿಚ್ಚು ಸದಾ ಆನ್ ಇರುವುದರಿಂದ ದೊಡ್ಡ ಸ್ವಿಚ್ಚಿನ ಆ ಪೋರ್ಟು ಆರುವುದೇ ಇಲ್ಲ. ನಾನು ಕುರ್ಚಿ ಎಳೆದುಕೊಂಡು ಟೈಪ್ ಮಾಡುವಷ್ಟರಲ್ಲಿ ಅರ್ಧ ನಿಮಿಷ ಕಳೆದಿರುತ್ತಿತ್ತು ಎಂಬುದನ್ನು ಬಿಟ್ಟರೆ ನನ್ನ ಕೈಗುಣ ಏನೂ ಇರಲಿಲ್ಲ.

ಸ್ವಿಚ್ಚಿನ ಆಡಳಿತ ಪುಟದಲ್ಲಿ ಆ ಐದು ಪೋರ್ಟುಗಳನ್ನು ಮಾತ್ರ ಎಡ್ಜ್ ಪೋರ್ಟ್, ಅಂದರೆ ಆಚೆಗೆ ಒಂದೇ ಯಂತ್ರವಿರುವುದರಿಂದ ಕಾಯದೆ ತೆರೆಯಬಹುದಾದ ಪೋರ್ಟ್, ಎಂದು ಗುರುತಿಸಿದೆ. ಇನ್ನೊಂದು ಸ್ವಿಚ್ಚಿಗೆ ಹೋಗುವ ಪೋರ್ಟನ್ನು ಮುಟ್ಟಲಿಲ್ಲ, ಏಕೆಂದರೆ ಅಲ್ಲಿ ಯಾರಾದರೂ ಕೇಬಲ್ಲಿನ ಎರಡೂ ತುದಿ ಚುಚ್ಚಿದರೆ ಇಡೀ ಜಾಲ ಮಲಗೀತು. ಸ್ಪ್ಯಾನಿಂಗ್ ಟ್ರೀಯನ್ನೇ ಆರಿಸಿಬಿಡುವ ಸಲಹೆಯೂ ಬಂದಿತ್ತು. ಮಕ್ಕಳು ಓಡಾಡುವ ಜಾಗದಲ್ಲಿ ಅದು ನನಗೆ ಒಪ್ಪಿಗೆಯಾಗಲಿಲ್ಲ.

ಆದರೆ ಮಳೆಗಾಲದಲ್ಲಿ ಕರೆಂಟು ಹೋಗಿ ಬಂದಾಗ ಸ್ವಿಚ್ಚು, ಸರ್ವರು, ಕ್ಲೈಂಟುಗಳು ಎಲ್ಲವೂ ಒಟ್ಟಿಗೆ ಏಳುತ್ತವೆ. ಎಲ್ಲಕ್ಕಿಂತ ತಡವಾಗಿ ಏಳುವುದು ಸರ್ವರು. ಅದಕ್ಕಾಗಿ ಎಫ್‌ಎಸ್‌ಟ್ಯಾಬ್ ಸಾಲಿಗೆ ‘ನೋಫೇಲ್’ (ಮೌಂಟ್ ಸೋತರೂ ಬೂಟ್ ನಿಲ್ಲದಿರಲಿ ಎಂಬ ಸೂಚನೆ) ಮತ್ತು ‘ಎಕ್ಸ್-ಸಿಸ್ಟಮ್‌ಡಿ.ಆಟೋಮೌಂಟ್’ ಸೇರಿಸಿದೆ. ಈಗ ಬೂಟ್ ಆಗುವಾಗ ಮೌಂಟ್ ನಡೆಯುವುದಿಲ್ಲ. ಯಾರಾದರೂ ಫೋಲ್ಡರು ತೆರೆದಾಗ ನಡೆಯುತ್ತದೆ, ಆಗಲೂ ಸರ್ವರು ಎದ್ದಿರದಿದ್ದರೆ ಸ್ವಲ್ಪ ಹೊತ್ತು ಬಿಟ್ಟು ಮತ್ತೆ ತೆರೆದರೆ ಸಾಕು. ಮೊನ್ನೆ ಸಂಜೆಯ ಗುಡುಗಿಗೆ ಎರಡು ಸಲ ಕರೆಂಟು ಹೋಗಿ ಬಂತು. ಏಳು ಯಂತ್ರಗಳಲ್ಲಿ ಫೋಲ್ಡರು ತಾನಾಗಿ ದೊರೆಯಿತು. ಎಂಟನೆಯದರಲ್ಲಿ ‘ಓವರ್‌ಲೇರೂಟ್-ಕ್ರೂಟ್’ ಮೂಲಕ ಹೊಸ ಸಾಲು ಬರೆಯಲು ನಾನು ಮರೆತಿದ್ದೆ. ಅದನ್ನು ಭಾನುವಾರ ಮಾಡುತ್ತೇನೆ.