ಖಾಲಿ ಮರಳಿನ ಮುಳ್ಳು ಹೂವು

ಮಾಂಟೆರೆ ಸ್ಪೈನ್‌ಫ್ಲವರ್ ನಿಂತವರಿಗೆ ಕಾಣುವ ಹೂವಲ್ಲ. ನಿಂತು ನೋಡಿದರೆ ಮರಳಿಗೆ ಒತ್ತಿಕೊಂಡ ಬೂದು ಬಣ್ಣದ ಒಂದು ಪುಟ್ಟ ಗಿಡ, ಅಷ್ಟೆ. ಕೂತರೆ ಅದರ ತುದಿಗಳಲ್ಲಿ ತಿಳಿ ಗುಲಾಬಿ ಬಣ್ಣ ಕಾಣುತ್ತದೆ. ಹೂವು ಕಾಣಬೇಕಾದರೆ ಹೊಟ್ಟೆಯ ಮೇಲೆ ಮಲಗಬೇಕು, ಕಣ್ಣಿಗೆ ಭೂತಗನ್ನಡಿ ಹಿಡಿಯಬೇಕು. ನಾನು ಅದನ್ನು ಮೊದಲ ಸಲ ನೋಡಿದ್ದು ಹಾಗೆಯೇ. ಜಾಗ, ಕ್ಯಾಲಿಫೋರ್ನಿಯಾದ ಮಾಂಟೆರೆ ಕೊಲ್ಲಿಯ ದಡದಲ್ಲಿರುವ ಫೋರ್ಟ್ ಆರ್ಡ್ ಡ್ಯೂನ್ಸ್ ಸ್ಟೇಟ್ ಪಾರ್ಕ್. ಜೂನ್ ತಿಂಗಳ ಒಂದು ಶನಿವಾರ.

ಕರೆದುಕೊಂಡು ಹೋದದ್ದು ಭಾವ. ಅಕ್ಕ–ಭಾವ ಇರುವುದು ಅಲ್ಲೇ ಪಕ್ಕದ ಮರೀನಾ ಊರಿನಲ್ಲಿ. ಭಾವ ಕೆಲವು ವರ್ಷಗಳಿಂದ ಬಿಡುವಿನ ದಿನಗಳಲ್ಲಿ ಈ ಮರಳದಿಬ್ಬಗಳಲ್ಲಿ ಕಳೆ ಕೀಳುವ ಗುಂಪಿನ ಜೊತೆ ಹೋಗುತ್ತಾರೆ. ಹಿಂದಿನ ರಾತ್ರಿ ಊಟದ ಹೊತ್ತಿಗೆ, "ನಾಳೆ ನೀನೂ ಬಾಮ್ಮ, ಒಂದು ಹೂವು ತೋರಿಸ್ತೀನಿ" ಅಂದರು. ನಾನು ಕ್ಯಾಲಿಫೋರ್ನಿಯಾದ ಪಾಪಿ ಹೂಗಳ ಬೆಟ್ಟಗಳನ್ನು ನೋಡಿದ್ದೆ. ಅಂಥದ್ದೇ ಏನೋ ಬಣ್ಣದ ಜಾತ್ರೆ ಇರಬಹುದು ಅಂದುಕೊಂಡು ಒಪ್ಪಿದೆ.

ಬೆಳಿಗ್ಗೆ ಹೋದಾಗ ಸಮುದ್ರದಿಂದ ಮಂಜು ಬಂದು ದಿಬ್ಬಗಳನ್ನು ಮುಚ್ಚಿತ್ತು. ಅಲ್ಲಿ ಬೇಸಿಗೆ ಅಂದರೆ ಹೀಗೇ. ಮಳೆ ಬರುವುದು ಚಳಿಗಾಲದಲ್ಲಿ. ಏಪ್ರಿಲ್ ದಾಟಿದ ಮೇಲೆ ತಿಂಗಳುಗಟ್ಟಲೆ ಮಳೆ ಅನ್ನುವುದೇ ಅಪರೂಪ. ಮಂಜು ಮುಖಕ್ಕೆ ತಣ್ಣಗೆ ತಾಗುತ್ತದೆ, ಆದರೆ ಮರಳಿನಲ್ಲಿ ಬೆರಳು ತೂರಿಸಿದರೆ ಮೇಲಿನ ಪದರ ಪೂರ್ತಿ ಒಣ. ಸುರಿದ ಮಳೆಯೂ ಮರಳಿನಲ್ಲಿ ನಿಲ್ಲುವುದಿಲ್ಲ, ಇಳಿದುಹೋಗುತ್ತದೆ. ಮಂಜಿನ ಊರಿನಲ್ಲಿ ಇಷ್ಟು ಒಣ ನೆಲ ಇರುತ್ತದೆ ಅಂತ ನನಗೆ ಗೊತ್ತಿರಲಿಲ್ಲ.

ಮೊದಲ ಕೆಲಸ ಐಸ್‌ಪ್ಲಾಂಟ್ ಕೀಳುವುದು. ಇದು ದಕ್ಷಿಣ ಆಫ್ರಿಕಾದ ಗಿಡ. ಬೆರಳು ದಪ್ಪದ, ನೀರು ತುಂಬಿದ ಎಲೆಗಳು. ಮರಳು ಗಾಳಿಗೆ ಹಾರದಿರಲಿ ಅಂತ ಒಂದು ಕಾಲದಲ್ಲಿ ಇದನ್ನು ತಂದು ನೆಟ್ಟರು. ಅದು ಹೇಳಿದ ಕೆಲಸ ಮಾಡಿತು, ಜೊತೆಗೆ ಇಡೀ ದಿಬ್ಬವನ್ನೇ ಹಾಸಿಕೊಂಡು ಬಿಟ್ಟಿತು. ಅದರ ಹಾಸಿನ ಕೆಳಗೆ ಬೇರೆ ಏನೂ ಮೊಳೆಯುವುದಿಲ್ಲ. ಬಳ್ಳಿ ಹಿಡಿದು ಎಳೆದರೆ ಗೆಣ್ಣು ಗೆಣ್ಣಿನಲ್ಲೂ ಬೇರು ಕಿತ್ತು ಬರುತ್ತದೆ. ಒಂದು ತುಂಡು ಉಳಿದರೂ ಮತ್ತೆ ಚಿಗುರುತ್ತದೆ. ಕಿತ್ತದ್ದನ್ನು ಬೇರು ಮೇಲೆ ಮಾಡಿ ರಾಶಿ ಹಾಕಬೇಕು, ಆಗ ಒಣಗಿ ಸಾಯುತ್ತದೆ. ಗಂಟೆಗಟ್ಟಲೆ ಅದೇ ಕೆಲಸ. ಸೊಂಟ ಹಿಡಿದುಕೊಂಡಿತು. ಆದರೆ ಹಿಂದೆ ತಿರುಗಿ ನೋಡಿದಾಗ ಬರಿ ಮರಳು ಬಿಳಿಯಾಗಿ ಕಾಣುತ್ತಿತ್ತು, ಅದನ್ನು ನೋಡಿ ತುಂಬಾ ಖುಷಿಯಾಯಿತು.

"ಇಲ್ಲಿ ಬಾ, ಆ ಕೋಲು ನೆಟ್ಟಿದಾರಲ್ಲ, ಅದರಿಂದ ಈಚೆಗೇ ನಿಂತ್ಕೋ" ಅಂತ ಭಾವ ಕರೆದರು. ಕಳೆದ ವರ್ಷಗಳಲ್ಲಿ ಐಸ್‌ಪ್ಲಾಂಟ್ ಕಿತ್ತಿದ್ದ ಜಾಗ ಅದು. ಅಲ್ಲಿ, ಗಾಳಿಗೆ ಮರೆಯಾದ ಒಂದು ತಗ್ಗಿನಲ್ಲಿ, ಅಂಗೈಯಗಲದ ಗಿಡಗಳು ಚದುರಿ ಬೆಳೆದಿದ್ದವು. ಕೆಂಪು ಛಾಯೆಯ ಕಾಂಡಗಳು ನೆಲದ ಮೇಲೇ ಸುತ್ತ ಹರಡಿದ್ದವು, ಮೈಮೇಲೆಲ್ಲ ಸಣ್ಣ ರೋಮ. ಬುಡದ ಎಲೆಗಳು ಆಗಲೇ ಒಣಗಿದ್ದವು. ಕೊಂಬೆಯ ತುದಿಗಳಲ್ಲಿ ಮುಳ್ಳುಮುಳ್ಳಾದ ಪುಟ್ಟ ಗೊಂಚಲು.

ಮಲಗಿದೆ. ಭೂತಗನ್ನಡಿ ಹಿಡಿದೆ. ಹೂವು ಹೆಚ್ಚೆಂದರೆ 3 ಮಿಲಿಮೀಟರ್. ಬಿಳಿಗೆ ಗುಲಾಬಿ ಸೋಕಿದ ಬಣ್ಣ. ಸಾಮಾನ್ಯವಾಗಿ ಹೂವಿನಲ್ಲಿ ಹೊರಗೆ ಹಸಿರು ಪತ್ರ, ಒಳಗೆ ಬಣ್ಣದ ದಳ ಇರುತ್ತವಲ್ಲ, ಇದರಲ್ಲಿ ಆ ಭೇದ ಇಲ್ಲ. ಒಂದೇ ಬಗೆಯ ಆರು ಎಸಳು, ಕೆಳಗೆ ಕೂಡಿಕೊಂಡು ಕೊಳವೆ. ಇದು ಬಕ್‌ವೀಟ್ ಕುಟುಂಬದ ಲಕ್ಷಣ. ಹಿಂದಿಯವರು ಕುಟ್ಟು ಅನ್ನುವ ಬಕ್‌ವೀಟ್ ಕಾಳಿನ ಗಿಡ, ಹುಳಿ ದಂಟಿನ ರೂಬಾರ್ಬ್ ಎಲ್ಲ ಇದರ ದೂರದ ನೆಂಟರು. ಹೂವು ಕೂತಿರುವುದು ಗಟ್ಟಿಯಾದ ಒಂದು ಬಟ್ಟಲಿನಲ್ಲಿ. ಆ ಬಟ್ಟಲಿನ ಅಂಚಿಗೆ ಆರು ಹಲ್ಲು. ಪ್ರತಿ ಹಲ್ಲಿನ ತುದಿಯೂ ಕ್ರೋಷಾ ಕಡ್ಡಿಯ ಹಾಗೆ ಬಾಗಿದೆ. ಮುಳ್ಳು ಅಂತ ನಾವು ಕರೆಯುವುದು ಇದನ್ನೇ. ಹೂವಿನ ಬಟ್ಟಲೇ ಮುಳ್ಳು.

ಒಂದು ಬಟ್ಟಲಿಗೆ ಒಂದು ಹೂವು. ಒಂದು ಹೂವಿಗೆ ಒಂದೇ ಬೀಜ. ಬೀಜ ಬಲಿತು ಗಿಡ ಒಣಗಿದ ಮೇಲೆ ಬಟ್ಟಲು ಬೀಜದ ಸಮೇತ ಕಳಚಿಕೊಳ್ಳುತ್ತದೆ. ಹಾದುಹೋಗುವ ಪ್ರಾಣಿಯ ಕೂದಲಿಗೆ ಆ ಕೊಕ್ಕೆ ಸಿಕ್ಕಿಕೊಂಡರೆ ಬೇರೆ ಕಡೆಗೆ ಪ್ರಯಾಣ. ಇಲ್ಲವಾದರೆ ಗಾಳಿಗೆ ಉರುಳಿ ಎಲ್ಲೋ ಮರಳಿನ ತಗ್ಗಿನಲ್ಲಿ ನಿಲ್ಲುತ್ತದೆ. ಗಿಡದ ಆಯಸ್ಸು ಒಂದೇ ವರ್ಷ. ಚಳಿಗಾಲದ ಮಳೆಗೆ ಮೊಳೆತು, ವಸಂತದಲ್ಲಿ ಹೂ ಬಿಟ್ಟು, ಬೇಸಿಗೆಗೆ ಮುಗಿದುಹೋಗುತ್ತದೆ. ಮುಂದಿನ ವರ್ಷ ಈ ತಗ್ಗಿನಲ್ಲಿ ಎಷ್ಟು ಗಿಡ ಬರುತ್ತದೆ ಅನ್ನುವುದು ಮಳೆಗೆ ಬಿಟ್ಟದ್ದು.

"ಇದಕ್ಕೆ ಬೇಕಾಗಿರೋದು ಒಂದೇ ಕಣಮ್ಮ. ಖಾಲಿ ಜಾಗ" ಅಂದರು ಭಾವ.

ಆ ಮಾತು ನನ್ನನ್ನು ಹಿಡಿದು ನಿಲ್ಲಿಸಿತು. ನಾವು ಖಾಲಿ ಜಾಗ ಅಂದರೆ ಏನೂ ಇಲ್ಲದ ಜಾಗ ಅಂದುಕೊಳ್ಳುತ್ತೇವೆ. ಅಲ್ಲೇನಾದರೂ ಕಟ್ಟಬೇಕು, ನೆಡಬೇಕು, ತುಂಬಬೇಕು ಅನಿಸುತ್ತದೆ. ಈ ಗಿಡಕ್ಕೆ ಪಕ್ಕದಲ್ಲಿ ಎತ್ತರದ ಹುಲ್ಲು ಬಂದರೆ ಬಿಸಿಲು ಸಿಗುವುದಿಲ್ಲ, ಪೊದೆ ಹಬ್ಬಿದರೆ ನೆಲವೇ ಸಿಗುವುದಿಲ್ಲ. ಬೇರೆಯವರು ಬೇಡ ಅಂತ ಬಿಟ್ಟ ಸಡಿಲ ಮರಳು, ಕಡಿಮೆ ನೀರು, ಸತ್ವ ಇಲ್ಲದ ನೆಲ, ಅದೇ ಇದರ ಮನೆ. ಆ ಮನೆಯನ್ನು ತುಂಬಿಸಿಬಿಟ್ಟರೆ ಇದಕ್ಕೆ ಹೋಗುವುದಕ್ಕೆ ಇನ್ನೊಂದು ಕಡೆ ಇಲ್ಲ.

ಫೋರ್ಟ್ ಆರ್ಡ್ ಅಂದರೆ ಹಳೆಯ ಸೇನಾ ನೆಲೆ. 1917ರಲ್ಲಿ ಶುರುವಾಗಿದ್ದು 1994ರಲ್ಲಿ ಮುಚ್ಚಿತು. ಈ ದಿಬ್ಬಗಳಲ್ಲೇ ಗುಂಡು ಹಾರಿಸುವ ಅಭ್ಯಾಸ ನಡೆಯುತ್ತಿತ್ತು, ಆಮೇಲೆ ಮರಳಿನಿಂದ ಆ ಗುಂಡುಗಳ ಸೀಸ ತೆಗೆಯುವುದೇ ಒಂದು ದೊಡ್ಡ ಕೆಲಸವಾಯಿತು. ಮಾಂಟೆರೆ ಸ್ಪೈನ್‌ಫ್ಲವರನ್ನು ಅಪಾಯದಲ್ಲಿರುವ ಸಸ್ಯಗಳ ಪಟ್ಟಿಗೆ ಅಮೆರಿಕ ಸರ್ಕಾರ ಸೇರಿಸಿದ್ದೂ 1994ರಲ್ಲೇ. ಅದರ ಹತ್ತಿರದ ಬಂಧು, ಸಾಂತಾ ಕ್ರೂಜ್ ಬೆಟ್ಟಗಳ ಒಳನಾಡಿನ ಮರಳುಗುಡ್ಡಗಳಲ್ಲಿ ಮಾತ್ರ ಬೆಳೆಯುವ ಬೆನ್ ಲೊಮಂಡ್ ಸ್ಪೈನ್‌ಫ್ಲವರ್ ಇನ್ನೂ ಕಷ್ಟದಲ್ಲಿದೆ. ಆ ಗುಡ್ಡಗಳ ಮರಳನ್ನು ಜನ ಗಣಿ ತೋಡಿ ಸಾಗಿಸಿದರು. ಅದೂ ಅದೇ ವರ್ಷ ಪಟ್ಟಿಗೆ ಬಂತು, ಅಳಿವಿನಂಚಿನ ಗಿಡವಾಗಿ.

ಮಧ್ಯಾಹ್ನಕ್ಕೆ ಅಕ್ಕ ಊಟ ತಗೊಂಡು ಬಂದಳು. ಮಂಜು ಹರಿದು ಬಿಸಿಲು ಬಿದ್ದಿತ್ತು. ನಾನು ಫೋನಿನಲ್ಲಿ ಫೋಟೋ ತೋರಿಸಿದೆ.

"ಇದಕ್ಕೇನಾ ಇಷ್ಟೆಲ್ಲ ಕಾನೂನು? ಇದರಿಂದ ಉಪಯೋಗ ಏನು?" ಅಂತ ಕೇಳಿದಳು ಅಕ್ಕ.

ಭಾವ ವಾದ ಮಾಡಲಿಲ್ಲ. ಈ ದಿಬ್ಬಗಳಲ್ಲಿರುವ ಇನ್ನೊಂದು ಕಥೆ ಹೇಳಿದರು. ಸ್ಮಿತ್ಸ್ ಬ್ಲೂ ಅನ್ನುವ ಪುಟ್ಟ ನೀಲಿ ಚಿಟ್ಟೆ ಇಲ್ಲಿದೆ. ಅದು ಮೊಟ್ಟೆ ಇಡುವುದು, ಅದರ ಹುಳು ತಿನ್ನುವುದು, ಎಲ್ಲ ಎರಡು ಬಗೆಯ ಕಾಡು ಬಕ್‌ವೀಟ್ ಹೂಗಳ ಮೇಲೆಯೇ. ಸ್ಪೈನ್‌ಫ್ಲವರಿನ ಕುಟುಂಬದವೇ ಅವೂ. ಐಸ್‌ಪ್ಲಾಂಟ್ ಬಂದು ಆ ಬಕ್‌ವೀಟ್ ಹೋದರೆ ಚಿಟ್ಟೆಯೂ ಹೋಯಿತು. 1976ರಿಂದ ಆ ಚಿಟ್ಟೆಗೆ ಕಾನೂನಿನ ರಕ್ಷಣೆ ಇದೆ. ಅವರು ಹೇಳುತ್ತಿರುವಾಗಲೇ ಒಂದು ನೀಲಿ ಚಿಟ್ಟೆ ದಾರಿ ದಾಟಿತು. "ಅದೇನಾ?" ಅಂದೆ. "ರೆಕ್ಕೆಯ ಅಡಿಭಾಗ ನೋಡದೆ ಹೇಳಬಾರದು" ಅಂದರು. ಅವರ ಈ ಗುಣ ನನಗೆ ಬಹಳ ಇಷ್ಟ.

ಅಕ್ಕನ ಪ್ರಶ್ನೆ ಅವಳದೊಬ್ಬಳದಲ್ಲ, ತುಂಬಾ ಜನರದು. ನನಗೆ ಅನಿಸುವುದು ಇಷ್ಟು. ಉಪಯೋಗ ತೋರಿಸಿ ಆಮೇಲೆ ಬದುಕು ಅಂತ ಒಂದು ಗಿಡಕ್ಕೆ ಹೇಳುವ ಹಕ್ಕು ನಮಗಿಲ್ಲ. ನಾವು ಬರುವ ಎಷ್ಟೋ ಮೊದಲಿನಿಂದ ಅದು ಆ ಮರಳಿನಲ್ಲಿದೆ. ಅದು ಕಾಲಿಡಲು ಜಾಗ ಇಲ್ಲದ ಹಾಗೆ ಮಾಡಿದ್ದು ನಾವು. ಹಾಗಾಗಿ ಜಾಗ ಬಿಟ್ಟುಕೊಡುವ ಕೆಲಸವೂ ನಮ್ಮದೇ. ಇದನ್ನು ಅಕ್ಕನಿಗೂ ಹೇಳಿದೆ. ಅವಳು ಪೂರ್ತಿ ಒಪ್ಪಲಿಲ್ಲ, ಆದರೆ ಮಧ್ಯಾಹ್ನ ನಮ್ಮ ಜೊತೆಗೇ ಬಂದಳು.

ಆ ಹೊತ್ತು ಹೋದದ್ದು ಒಳಭಾಗದ ಫೋರ್ಟ್ ಆರ್ಡ್ ನ್ಯಾಷನಲ್ ಮಾನ್ಯುಮೆಂಟಿಗೆ. ಹಳೆಯ ಸೇನಾ ಭೂಮಿಯ ಒಂದು ದೊಡ್ಡ ಭಾಗವನ್ನು 2012ರಲ್ಲಿ ಹೀಗೆ ಕಾಪಿಟ್ಟರು. ಇಲ್ಲಿ ಸಮುದ್ರ ಕಾಣುವುದಿಲ್ಲ, ಮಂಜನೀಟಾ ಮತ್ತಿತರ ಗಿಡ್ಡ ಪೊದೆಗಳ ಕುರುಚಲು ಕಾಡು. ಕೆಲವು ಕಡೆ ಸಿಡಿಯದೆ ಉಳಿದ ಮದ್ದುಗುಂಡು ಇರಬಹುದು ಅನ್ನುವ ಎಚ್ಚರಿಕೆ ಫಲಕಗಳಿವೆ, ದಾರಿ ಬಿಟ್ಟು ಹೋಗುವ ಹಾಗಿಲ್ಲ. ಬಿಡುವ ಅಗತ್ಯವೂ ಬರಲಿಲ್ಲ. ಪೊದೆಗಳ ಒಳಗೆ ಒಂದೂ ಸ್ಪೈನ್‌ಫ್ಲವರ್ ಇಲ್ಲ. ಇದ್ದದ್ದೆಲ್ಲ ದಾರಿಯ ಅಂಚಿನಲ್ಲಿ, ಹಳೆಯ ಗಾಡಿ ಜಾಡುಗಳಲ್ಲಿ, ಪೊದೆ ಪೊದೆಯ ನಡುವಿನ ಮರಳು ತೇಪೆಗಳಲ್ಲಿ. ಸೇನೆಯ ಗಾಡಿಗಳು ಓಡಾಡಿ ಪೊದೆ ಬೆಳೆಯಲು ಬಿಡದ ಜಾಗಗಳು ಇವು. ಕಾಡು ಬೆಂಕಿ ಬಂದು ಪೊದೆ ಸುಟ್ಟರೂ ಇಂಥ ಜಾಗ ತೆರೆದುಕೊಳ್ಳುತ್ತದೆ.

ಇಲ್ಲೇ ನನಗೆ ಒಂದು ಗೊಂದಲ ಬಂತು. ತುಳಿದರೆ ಸಾಯುವ ಗಿಡ ಇದು. ಆದರೆ ಯಾರೂ ಯಾವತ್ತೂ ಆ ನೆಲವನ್ನು ಕದಲಿಸದೆ ಬಿಟ್ಟರೆ ಪೊದೆ ಮುಚ್ಚಿಕೊಂಡು ಆಗಲೂ ಹೋಗುತ್ತದೆ. ಹಾಗಾದರೆ ಬೇಲಿ ಹಾಕಬೇಕಾ, ಬೇಡವಾ? ಭಾವನನ್ನು ಕೇಳಿದೆ.

"ಸೋನೋಮಾ ಸ್ಪೈನ್‌ಫ್ಲವರ್ ಎಲ್ಲಿ ಸಿಕ್ತು ಗೊತ್ತಾ? ದನ ಮೇಯೋ ಹುಲ್ಲುಗಾವಲಿನಲ್ಲಿ" ಅಂದರು.

ಆ ಕಥೆ ಹೀಗೆ. ಇದರದೇ ಇನ್ನೊಂದು ಬಂಧು ಸೋನೋಮಾ ಸ್ಪೈನ್‌ಫ್ಲವರ್ ದಶಕಗಳ ಕಾಲ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಅಳಿದೇ ಹೋಯಿತು ಅಂತ ತೀರ್ಮಾನವಾಗಿತ್ತು. 1980ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಉತ್ತರಕ್ಕಿರುವ ಪಾಯಿಂಟ್ ರೇಯಸ್ ಕರಾವಳಿಯ ಒಂದು ಹುಲ್ಲುಗಾವಲಿನಲ್ಲಿ ಅದು ಮತ್ತೆ ಕಂಡಿತು. ಅಲ್ಲಿ ದನಗಳು ಮೇಯುತ್ತಿದ್ದವು, ಎತ್ತರದ ಹುಲ್ಲು ಇದನ್ನು ಮುಚ್ಚಿಹಾಕುವ ಮೊದಲೇ ತಿಂದು ಮುಗಿಸುತ್ತಿದ್ದವು. ಹಾಗಾಗಿ ಬೇಲಿ ಹಾಕು ಅನ್ನುವುದೇ ಎಲ್ಲ ಕಡೆಗೂ ಉತ್ತರ ಅಲ್ಲ. ಒಂದೊಂದು ಜಾಗದಲ್ಲಿ ವರ್ಷಗಟ್ಟಲೆ ನಿಂತು ನೋಡಿ ಕಲಿಯಬೇಕು.

ವಾಪಸ್ ನಡೆಯುವಾಗ ಭಾವ ಇನ್ನೊಂದರ ಬಗ್ಗೆ ಹೇಳಿದರು, ಲಾಸ್ ಏಂಜಲೀಸ್ ಕಡೆಯ ಸ್ಯಾನ್ ಫರ್ನಾಂಡೋ ವ್ಯಾಲಿ ಸ್ಪೈನ್‌ಫ್ಲವರ್. ಅದನ್ನು 1929ರ ನಂತರ ಯಾರೂ ನೋಡಿರಲಿಲ್ಲ. 1999ರಲ್ಲಿ, ಸಾವಿರಾರು ಮನೆ ಕಟ್ಟಲು ಹೊರಟಿದ್ದ ಆಮನ್‌ಸನ್ ರಾಂಚ್ ಜಮೀನಿನ ಸಮೀಕ್ಷೆಯಲ್ಲಿ ಸಿಕ್ಕಿತು. ಆ ಯೋಜನೆಗೆ ಮೊದಲಿಂದಲೂ ವಿರೋಧ ಇತ್ತು. 2003ರಲ್ಲಿ ಆ ಜಮೀನು ಸಾರ್ವಜನಿಕರ ಪಾಲಾಯಿತು. ಕೇಳುತ್ತಾ ನನಗೆ ಮೈ ಜುಮ್ಮೆಂದಿತು. 70 ವರ್ಷ ಯಾರೂ ನೋಡದಿದ್ದರೂ ಅದು ಅಲ್ಲೇ ಪ್ರತಿ ವಸಂತದಲ್ಲಿ ಎದ್ದು, ಬೀಜ ಬಿಟ್ಟು, ಮಲಗುತ್ತಾ ಇತ್ತಲ್ಲ!

ಸ್ಪೈನ್‌ಫ್ಲವರ್‌ಗಳ ಗುಂಪಿನಲ್ಲಿ ಎಲ್ಲವೂ ಹೀಗೆ ಅಪರೂಪ ಅಲ್ಲ. ಸಸ್ಯಶಾಸ್ತ್ರಜ್ಞರು ಕೊರಿಜ್ಯಾಂತೆ ಅಂತ ಕರೆಯುವ ಇದರಲ್ಲಿ ಸುಮಾರು 50 ಜಾತಿಗಳಿವೆ, ಉತ್ತರ ಅಮೆರಿಕದ ಪಶ್ಚಿಮದಲ್ಲಿ ಕೆಲವು, ದೂರದ ಚಿಲಿ ಮತ್ತು ಅರ್ಜೆಂಟೀನಾದಲ್ಲಿ ಕೆಲವು. ಮೊಹಾವೆ ಮರುಭೂಮಿಯ ಕಲ್ಲು ಹಾಸಿದ ಬಯಲಿನಲ್ಲಿ ರಿಜಿಡ್ ಸ್ಪೈನ್‌ಫ್ಲವರ್ ಧಾರಾಳವಾಗಿದೆ. ಡೆತ್ ವ್ಯಾಲಿಗೆ ಹೋದಾಗ ನಾನು ಅದರ ಒಣಗಿದ ರೂಪ ನೋಡಿದ್ದೆ, ಆಗ ಹೆಸರು ಗೊತ್ತಿರಲಿಲ್ಲ. ಬೆರಳುದ್ದದ ಕಪ್ಪು ಮುಳ್ಳಿನ ಕಡ್ಡಿ. ಗಿಡ ಸತ್ತ ಮೇಲೂ ಅದು ನಿಂತೇ ಇರುತ್ತದೆ, ಮುಂದಿನ ಮಳೆಗೆ ಹೊಸ ಗಿಡ ಪಕ್ಕದಲ್ಲಿ ಬರುವವರೆಗೂ.

ಕಾರಿನ ಹತ್ತಿರ ಬಂದಾಗ ನನ್ನ ಕಾಲುಚೀಲದ ತುಂಬ ಪುಟ್ಟ ಬಟ್ಟಲುಗಳು ಅಂಟಿದ್ದವು. ದಾರಿಯ ಅಂಚಿನಲ್ಲಿ ಒಣಗಿ ನಿಂತಿದ್ದ ಗಿಡಗಳವು. ನಾನು ಮನೆಗೆ ಹೋಗಿ ತೆಗೆದರಾಯಿತು ಅಂದೆ. ಭಾವ ಬಾಗಿಲು ತೆಗೆಯಲೇ ಇಲ್ಲ.

"ಇಲ್ಲಿಯ ಬೀಜ ಇಲ್ಲೇ ಇರಬೇಕು. ಕೂತ್ಕೊಂಡು ತೆಗಿ, ನಾನೂ ತೆಗೀತೀನಿ."

ಮೂವರೂ ಅಲ್ಲೇ ಕೂತೆವು. ಆ ಕೊಕ್ಕೆಗಳು ಸುಲಭಕ್ಕೆ ಬಿಡುವುದಿಲ್ಲ. ಎಳೆದರೆ ದಾರವೇ ಕಿತ್ತು ಬರುತ್ತದೆ, ಹಿಂದಕ್ಕೆ ತಳ್ಳಿ ಬಿಡಿಸಬೇಕು. ಒಂದೊಂದೇ ತೆಗೆದು ಅಂಗೈಯಲ್ಲಿ ಕೂಡಿಸಿದೆವು. ಬೂಟಿನ ಲೇಸಿನಲ್ಲಿ ಸಿಕ್ಕಿದ್ದನ್ನು ಅಕ್ಕ ತನ್ನ ಸೂಜಿಪಿನ್ನಿನಿಂದ ಬಿಡಿಸಿದಳು. ಆಮೇಲೆ ಭಾವ ಎಲ್ಲವನ್ನೂ ತಗೊಂಡು ನಾವು ಬಂದ ದಾರಿಯಲ್ಲಿ ವಾಪಸ್ ಹೋಗಿ, ಮೊದಲು ಗಿಡ ಕಂಡಿದ್ದ ಮರಳು ತೇಪೆಯ ಮೇಲೆ ಉದುರಿಸಿ ಬಂದರು.

ನವೆಂಬರಿನಿಂದ ಮಳೆ ಶುರುವಾಗುತ್ತದೆ. ಒದ್ದೆ ಮರಳಿನಲ್ಲಿ ಐಸ್‌ಪ್ಲಾಂಟ್ ಬೇರು ಸಲೀಸಾಗಿ ಬರುತ್ತದಂತೆ, ಅದಕ್ಕೇ ಆಗ ಗುಂಪಿನ ಕೆಲಸ ಜಾಸ್ತಿ. ಸ್ಪೈನ್‌ಫ್ಲವರ್ ಮೊಳೆಯುವುದೂ ಆಗಲೇ, ಆದ್ದರಿಂದ ಎಲ್ಲಿ ಮಂಡಿ ಊರಬಹುದು, ಎಲ್ಲಿ ಊರಬಾರದು ಅಂತ ಮೊದಲೇ ಕೋಲು ನೆಟ್ಟು ಗುರುತು ಮಾಡುತ್ತಾರೆ. ಆ ಗುರುತು ಮಾಡುವ ಕೆಲಸಕ್ಕೆ ನನ್ನ ಹೆಸರು ಬರೆಸಿದ್ದೇನೆ.